ಹಿತ್ತಲ ಬಾಗಿಲು: ರಾಸ್‌ಬೆರಿಗೆ ಕತ್ತರಿ ಹಾಕುವ ಮುನ್ನ

ಪ್ರಶ್ನೆ: ಅಕ್ಕ, ನಮಸ್ಕಾರ. ನಾವು ಸಿಯಾಟಲ್ ಹತ್ತಿರದ ಬಾಥೆಲ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹಿತ್ತಲಲ್ಲಿ ಮೀಕರ್ ತಳಿಯ ರಾಸ್‌ಬೆರಿ ಸಾಲಿದೆ. ಕಳೆದ ನವೆಂಬರ್‌ನಲ್ಲಿ ಪಕ್ಕದ ಮನೆಯವರು ತಮ್ಮ ಗಿಡಗಳನ್ನು ಬುಡಕ್ಕೇ ಕತ್ತರಿಸಿದ್ದನ್ನು ನೋಡಿ ನಾವೂ ಹಾಗೆಯೇ ಮಾಡಿದೆವು. ಈ ವರ್ಷ ಸೆಪ್ಟೆಂಬರ್‌ನಲ್ಲಿ ಅವರಿಗೆ ಬುಟ್ಟಿಗಟ್ಟಲೆ ಹಣ್ಣು, ನಮಗೆ ಆಳೆತ್ತರದ ಸೊಪ್ಪು ಮಾತ್ರ. ಗೊಬ್ಬರ ಕಡಿಮೆಯಾಯಿತೇ? ಮಾರ್ಚ್‌ನಲ್ಲಿ ಮನೆ ಬದಲಿಸುತ್ತೇವೆ. ಕೆಲವು ಗಿಡ ಒಯ್ಯಲು ಮಾಲೀಕರು ಒಪ್ಪಿದ್ದಾರೆ. ಹೇಗೆ ಕಿತ್ತು ನೆಡಬೇಕು?

ಉತ್ತರ: ಗೊಬ್ಬರವನ್ನು ದೂರಬೇಡಿ, ತಪ್ಪು ಕತ್ತರಿಯದು. ಊರಿನಲ್ಲಿ ಗೊನೆ ಕಡಿದ ಮೇಲೆ ಬಾಳೆಯನ್ನು ಏನು ಮಾಡುತ್ತಿದ್ದೆವು, ನೆನಪಿಸಿಕೊಳ್ಳಿ. ಫಲ ಕೊಟ್ಟ ಮರವನ್ನು ಕಡಿದು, ಪಕ್ಕದ ಕಂದನ್ನು ಬಿಡುತ್ತಿದ್ದೆವು. ರಾಸ್‌ಬೆರಿಯದೂ ಅದೇ ಲೆಕ್ಕ. ಬೇರು ವರ್ಷಾನುಗಟ್ಟಲೆ ಬಾಳುತ್ತದೆ, ಕಡ್ಡಿಯ ಆಯುಸ್ಸು ಎರಡೇ ವರ್ಷ. ಮೊದಲ ವರ್ಷ ಬೆಳೆಯುತ್ತದೆ, ಎರಡನೆಯ ಬೇಸಿಗೆಯಲ್ಲಿ ಹಣ್ಣು ಬಿಟ್ಟು ಒಣಗುತ್ತದೆ. ನೀವು ನವೆಂಬರ್‌ನಲ್ಲಿ ಗೊನೆ ಕಡಿದ ಮರದ ಜೊತೆ ಕಂದನ್ನೂ ಕಡಿದುಬಿಟ್ಟಿರಿ.

ಹಾಗಾದರೆ ಪಕ್ಕದ ಮನೆಯವರಿಗೆ ಹಣ್ಣು ಹೇಗೆ ಬಂತು? ಅವರದು ಹೆರಿಟೇಜ್‌ನಂಥ ಶರತ್ಕಾಲದ ತಳಿಯಾಗಿರಬೇಕು. 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಕೇಂದ್ರದಿಂದ ಹೊರಬಂದ ಈ ತಳಿ ಹೊಸ ಕಡ್ಡಿಯ ತುದಿಯಲ್ಲಿ ಅದೇ ವರ್ಷ ಹಣ್ಣು ಬಿಡುತ್ತದೆ. ಅದನ್ನು ಬುಡಕ್ಕೆ ಸವರಿದರೂ ನಡೆಯುತ್ತದೆ. 1967ರಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಕೊಟ್ಟ ಮೀಕರ್‌ಗೆ ನಡೆಯುವುದಿಲ್ಲ.

ಹಳೆಯ ಕಡ್ಡಿಯನ್ನು ಗುರುತಿಸುವುದು ಕಷ್ಟವಲ್ಲ. ಹಣ್ಣು ಮುಗಿದ ಮೇಲೆ, ಆಗಸ್ಟ್‌ನಲ್ಲಿ, ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಹೊಸದು ಹಸಿರಾಗಿ ನೆಟ್ಟಗಿರುತ್ತದೆ. ಹಳೆಯದರ ತೊಗಟೆ ಬೂದುಗಂದು, ಉಗುರಿನಿಂದ ಕೆರೆದರೆ ಸಿಪ್ಪೆ ಏಳುತ್ತದೆ. ಅಡ್ಡ ರೆಂಬೆಗಳ ತುದಿಯಲ್ಲಿ, ಹಣ್ಣು ಟೊಪ್ಪಿಯಂತೆ ಕಳಚಿಬಂದ ಜಾಗದಲ್ಲಿ, ಸಣ್ಣ ಮೊನೆಗಳು ಒಣಗಿ ನಿಂತಿರುತ್ತವೆ. ಅಂಥದ್ದನ್ನು ನೆಲಮಟ್ಟಕ್ಕೆ ಕತ್ತರಿಸಿ. ಮೋಟು ಉಳಿಸಬೇಡಿ. ಹೊಸದರಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನವನ್ನು ತೆಗೆದು, ಬುಡಕ್ಕೆ ಐದಾರು ಗಟ್ಟಿ ಕಡ್ಡಿ ಬಿಟ್ಟು ತಂತಿಗೆ ಕಟ್ಟಿ.

ಇನ್ನು ಕೀಳುವ ಮಾತು. ಮೊಗ್ಗು ಒಡೆಯುವ ಮುಂಚೆ, ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ, ಮಣ್ಣು ಕೆಸರಾಗಿರದ ದಿನ ನೋಡಿಕೊಳ್ಳಿ. ತಾಯಿ ಬುಡಕ್ಕೆ ಕೈಹಾಕಬೇಡಿ, ಸಾಲಿನಿಂದಾಚೆ ಎದ್ದ ಮರಿಗಳೇ ಸಾಕು. ಸುತ್ತ ಗುದ್ದಲಿ ಇಳಿಸಿ, ತಾಯಿ ಗಿಡಕ್ಕೆ ಕೂಡಿಸುವ ಬೇರನ್ನು ಕತ್ತರಿಸಿ, ಮಣ್ಣಿನ ಸಮೇತ ಎತ್ತಿ. ಬೇರಿಗೆ ಬಿಸಿಲು, ಗಾಳಿ ತಾಕಬಾರದು. ಇದನ್ನು ನಾನು ಕಲಿತದ್ದು ಹನ್ನೊಂದು ಗಿಡ ಕಳೆದುಕೊಂಡು. ಕಿತ್ತಿಟ್ಟು ಒಳಗೆ ಹೋದೆ, ಅಷ್ಟರಲ್ಲಿ ಸಾಗರದಿಂದ ಅಮ್ಮನ ಫೋನು. ಅಡಿಕೆ ಕೊನೆಯಿಂದ ಶುರುವಾದ ಮಾತು ಅತ್ತಿಗೆಯ ಮೊಣಕಾಲಿಗೆ ಬಂದು ಮುಗಿಯುವಾಗ ಒಂದೂವರೆ ಗಂಟೆ. ಹೊರಗೆ ಬಂದರೆ ಬೇರುಗಳು ತೆಂಗಿನ ನಾರಿನ ಹಾಗೆ ಗರಿಗರಿ! ಈಗ ಒದ್ದೆ ಗೋಣಿ ಸಿದ್ಧವಾಗದೆ ಗುದ್ದಲಿ ಮುಟ್ಟುವುದಿಲ್ಲ.

ಹೊಸ ಜಾಗದಲ್ಲಿ ಎರಡರಿಂದ ಎರಡೂವರೆ ಅಡಿಗೊಂದು ಗಿಡ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ನಮ್ಮ ಕಡೆಯ ಚಳಿಗಾಲದ ಮಳೆ ನಿಮಗೆ ಗೊತ್ತೇ ಇದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಮುಕ್ಕಾಲು ಅಡಿ ಏರಿಸಿದ ಮಡಿಯೇ ಬೇಕು. ಇತ್ತೀಚಿನ ವರ್ಷಗಳಲ್ಲಿ ಟೊಮೆಟೊ, ಬದನೆ, ಆಲೂಗಡ್ಡೆ ಬೆಳೆದ ಜಾಗ ಬೇಡ. ಅವುಗಳ ಸೊರಗು ರೋಗ ಮಣ್ಣಿನಲ್ಲೇ ಕಾದು ಕುಳಿತಿರುತ್ತದೆ. ನೆಟ್ಟ ಕೂಡಲೇ ಕಡ್ಡಿಯನ್ನು ಅರ್ಧ ಅಡಿಗೆ ಕತ್ತರಿಸಿ. ಹಾಗೆಂದರೆ ಬರುವ ಬೇಸಿಗೆಯೂ ಹಣ್ಣಿಲ್ಲ, ಅದರಾಚೆಯ ಬೇಸಿಗೆಯವರೆಗೆ ಪಕ್ಕದ ಮನೆಯವರ ಸ್ನೇಹ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಹಿಂದಿನ ವರ್ಷಗಳಲ್ಲಿ ನಿಮ್ಮ ಹಣ್ಣು ಕೀಳುವಾಗ ಹದ ತಪ್ಪಿದ ರವೆ ಉಂಡೆಯಂತೆ ಕೈಯಲ್ಲೇ ಉದುರುತ್ತಿತ್ತೇ? ಮೀಕರ್‌ನಲ್ಲಿ ಅದು ಹೆಚ್ಚಾಗಿ ವೈರಸ್ಸಿನ ಗುರುತು. ಹಾಗಿದ್ದರೆ ಮೋಹ ಬಿಟ್ಟು ನರ್ಸರಿಯಿಂದ ರೋಗಮುಕ್ತ ಗಿಡ ತನ್ನಿ.

ಪ್ರಶ್ನೆ: ನ್ಯೂಜೆರ್ಸಿಯ ನಮ್ಮ ಹಿತ್ತಲಲ್ಲಿ ಜೂನ್ ತಿಂಗಳಲ್ಲಿ ಹೊಸ ಕಡ್ಡಿಗಳ ತುದಿ ಬಾಡಿ ಬಾಗಿತು. ದಿನಕ್ಕೆರಡು ಬಾರಿ ನೀರು ಹಾಕಿದರೂ ಚೇತರಿಸಲಿಲ್ಲ.

ಉತ್ತರ: ನೀರು ನಿಲ್ಲಿಸಿ. ಬಾಡಿದ ಜಾಗದ ಕೆಳಗೆ ಬಳೆ ತೊಡಿಸಿದಂತೆ ಎರಡು ಗೀರು ಇದ್ದರೆ ಅದು ಕಾಂಡ ಕೊರೆಯುವ ದುಂಬಿಯ ಕೆಲಸ. ಎರಡು ಬಳೆಗಳ ನಡುವೆ ಮೊಟ್ಟೆ ಇಟ್ಟಿರುತ್ತದೆ, ಮರಿಹುಳು ಒಳಗಿನಿಂದ ಕೆಳಕ್ಕೆ ಕೊರೆಯುತ್ತದೆ. ಕೆಳಗಿನ ಬಳೆಯಿಂದ ಇನ್ನೂ ಅರ್ಧ ಅಡಿ ತಗ್ಗಿಗೆ ಕತ್ತರಿಸಿ. ಕತ್ತರಿಸಿದ್ದನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ.

ಪ್ರಶ್ನೆ: ಬೆಂಗಳೂರಿನ ತಾರಸಿಯಲ್ಲಿ 650 ರೂಪಾಯಿಯ ಕೆಂಪು ರಾಸ್‌ಬೆರಿ ಸಸಿ ನೆಟ್ಟು ಎರಡು ವರ್ಷವಾಯಿತು. ಹೂವೇ ಇಲ್ಲ. ಕತ್ತರಿಸಬೇಕೇ?

ಉತ್ತರ: ಬೇಸಿಗೆಯಲ್ಲಿ ಹಣ್ಣು ಬಿಡುವ ತಳಿಗಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಬೆಂಗಳೂರಿನ ಜನವರಿಯಲ್ಲಿ ಅದನ್ನು ಎಲ್ಲಿಂದ ತರುತ್ತೀರಿ? ಕತ್ತರಿಯಿಂದ ಆಗುವ ಕೆಲಸವಲ್ಲ ಇದು. ನಮ್ಮ ಪಶ್ಚಿಮ ಘಟ್ಟದಲ್ಲೇ ಇರುವ ಕಪ್ಪು ಹಣ್ಣಿನ ಬಳಗದವಳೊಬ್ಬಳಿದ್ದಾಳೆ. ಫ್ಲೋರಿಡಾದ ಹಿತ್ತಲುಗಳಲ್ಲಿ ಅವಳ ಹೆಸರು ‘ಮೈಸೂರು ರಾಸ್‌ಬೆರಿ’! ಅವಳಿಗೆ ಆ ಚಳಿಯ ಹಂಗಿಲ್ಲ. ಬಾಗಿದ ತುದಿಯನ್ನು ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಆದರೆ ಮುಳ್ಳು ಜಾಸ್ತಿ, ಹಬ್ಬುವ ಚಪಲವೂ ಜಾಸ್ತಿ. ಗ್ಯಾಲಪಗೋಸ್ ದ್ವೀಪಗಳಲ್ಲಿ ಅವಳನ್ನು ಕಳೆಯೆಂದು ಕಿತ್ತು ಹಾಕುತ್ತಿದ್ದಾರೆ. ನೀವು ಡ್ರಮ್ಮಿನಲ್ಲೇ ಬೆಳೆಸಿ, ಬಟ್ಟೆ ಒಣಹಾಕುವ ತಂತಿಯಿಂದ ದೂರವಿಡಿ.