ಗಾಯ ಮಾಯುವ ಮೊದಲು ಕಾಗದಕ್ಕೆ ಬರಲಿ

ಈ ಸಲ ಬಂದ ಪತ್ರಗಳಲ್ಲಿ ಜೈಲಿಗೆ ಸಂಬಂಧಪಟ್ಟವೇ ನಾಲ್ಕು. ಹನ್ನೊಂದು ವರ್ಷ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲೆಯಾಗಿ ಜೈಲಿಗೆ ಹೋಗಿ ಬಂದವಳು ನಾನು. ಹಾಗಾಗಿ ಜಮೀನು, ಜೀವನಾಂಶದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. ಬರೆದವರ ಹೆಸರು, ಊರು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ 23 ವರ್ಷ. ಕಳ್ಳತನದ ಕೇಸಿನಲ್ಲಿ ನಾಲ್ಕು ತಿಂಗಳಿಂದ ಜೈಲಿನಲ್ಲಿದ್ದಾನೆ, ಕೇಸು ಇನ್ನೂ ನಡೀತಾ ಇದೆ. ಒಳಗೆ ಚೆನ್ನಾಗಿ ನೋಡಿಕೊಳ್ಳಬೇಕು ಅಂದ್ರೆ ದುಡ್ಡು ಕಳಿಸಿ ಅಂತ ಒಬ್ಬ ವಾರ್ಡರ್ ಹೇಳಿ, ಯಾರದೋ ಫೋನ್ ನಂಬರ್ ಕೊಟ್ಟರು. ಎರಡು ಸಲ ಕಳಿಸಿದೆವು. ಮೂರನೇ ಸಲ ಆಗಲಿಲ್ಲ. ಹೋದ ವಾರ ಭೇಟಿಗೆ ಹೋದಾಗ ಮಗ ಕುಂಟುತ್ತಿದ್ದ, ಕೈಬೆರಳು ಊದಿತ್ತು. ಕೇಳಿದ್ದಕ್ಕೆ ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂದ. ಹೇಳುವಾಗ ಹಿಂದೆ ನೋಡಿದ. ದೂರು ಕೊಟ್ಟರೆ ಇನ್ನೂ ಹೊಡೀತಾರೆ ಅಂತ ಭಯ. ಏನು ಮಾಡಲಿ?

ಉತ್ತರ: ಅಮ್ಮಾ, ಆ ‘ಬಾತ್‌ರೂಮಿನಲ್ಲಿ ಜಾರಿ ಬಿದ್ದೆ’ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೆಲವರು ನಿಜಕ್ಕೂ ಜಾರಿ ಬಿದ್ದಿರುತ್ತಾರೆ, ಇಲ್ಲ ಅನ್ನಲ್ಲ. ಆದರೆ ಹೇಳುವಾಗ ಹಿಂದೆ ತಿರುಗಿ ನೋಡಿದ ಎಂದು ಬರೆದಿದ್ದೀರಲ್ಲ, ಅದು ತಾಯಿ ಕಣ್ಣಿಗೆ ಮಾತ್ರ ಕಾಣುವ ಸಂಗತಿ. ಅದನ್ನು ನಂಬಿ ಮುಂದೆ ಹೋಗೋಣ.

ಯಾರಿಗೆ ದೂರು ಕೊಡಬೇಕು ಎಂಬುದು ಆಮೇಲಿನ ಮಾತು. ಮೊದಲ ಕೆಲಸ, ಮಗನ ಮೈಮೇಲೆ ಈಗ ಏನಿದೆಯೋ ಅದು ಸರ್ಕಾರಿ ಕಾಗದದ ಮೇಲೆ ಬರಬೇಕು. ಬಾವು ನಾಲ್ಕು ದಿನಕ್ಕೆ ಇಳಿಯುತ್ತದೆ, ಹಸಿರುಗಟ್ಟಿದ ಗಾಯ ಎರಡು ವಾರಕ್ಕೆ ಮಾಯುತ್ತದೆ. ಆಮೇಲೆ ಎಷ್ಟು ದೊಡ್ಡವರಿಗೆ ಬರೆದರೂ ‘ಅಂಥ ಗಾಯವೇ ಕಂಡುಬಂದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ.

ಇದಕ್ಕೆ ನೇರ ದಾರಿ ಕೋರ್ಟು. ಮಗ ವಿಚಾರಣಾಧೀನ ಕೈದಿ. ಮ್ಯಾಜಿಸ್ಟ್ರೇಟರು ಇಂಥವರನ್ನು ಒಂದು ಸಲಕ್ಕೆ 15 ದಿನಕ್ಕಿಂತ ಜಾಸ್ತಿ ಜೈಲಿಗೆ ಒಪ್ಪಿಸುವಂತಿಲ್ಲ. ಅಂದರೆ ಎರಡು ವಾರಕ್ಕೊಮ್ಮೆಯಾದರೂ ಅವನು ಜಡ್ಜ್ ಕಣ್ಣಿಗೆ ಬೀಳಬೇಕು. ಅಷ್ಟು ದಿನವೂ ಕಾಯಬೇಡಿ. ನಾಳೆಯೇ ನಿಮ್ಮ ವಕೀಲರಿಗೆ ಹೇಳಿ ಒಂದು ಮೆಮೊ, ಅಂದರೆ ಕೋರ್ಟಿಗೆ ಚಿಕ್ಕದೊಂದು ಲಿಖಿತ ಮನವಿ, ಹಾಕಿಸಿ. ಅದರಲ್ಲಿ ಮೂರು ವಿಷಯ ಕೇಳಬೇಕು. ಮಗನನ್ನು ವಿಡಿಯೊದಲ್ಲಲ್ಲ, ಖುದ್ದಾಗಿ ಹಾಜರುಪಡಿಸಬೇಕು. ಜೈಲಿನ ಡಾಕ್ಟರು ಬಿಟ್ಟು ಹೊರಗಿನ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ವೂಂಡ್ ಸರ್ಟಿಫಿಕೇಟ್ ತರಿಸಬೇಕು. ಅವನಿದ್ದ ಬ್ಯಾರಕ್ಕಿನ ಕಡೆಯ ಸಿಸಿಟಿವಿ ದೃಶ್ಯ ಅಳಿಸದೆ ಇಡಲು ಆದೇಶ ಕೊಡಬೇಕು. ಈ ಕೊನೆಯದನ್ನು ವಕೀಲರೂ ಮರೆಯುತ್ತಾರೆ. ಹಳೆ ದೃಶ್ಯದ ಮೇಲೆ ಹೊಸದು ತುಂಬಿಕೊಂಡ ಮೇಲೆ ಯಾರೂ ಏನೂ ಮಾಡಲಾಗದು.

ಖುದ್ದಾಗಿ ಎಂದು ಒತ್ತಿ ಹೇಳಲು ಕಾರಣವಿದೆ. ವಿಡಿಯೊ ಕಾನ್ಫರೆನ್ಸಿನಲ್ಲಿ ಕೈದಿ ಕ್ಯಾಮೆರಾ ಮುಂದೆ ಕೂರುತ್ತಾನೆ, ಕ್ಯಾಮೆರಾ ಹಿಂದೆ ಯಾರು ನಿಂತಿದ್ದಾರೆ ಎಂಬುದು ಕೋರ್ಟಿಗೆ ಕಾಣುವುದಿಲ್ಲ. ಒಮ್ಮೆ ನನ್ನ ಕಕ್ಷಿದಾರ ಹುಡುಗನೊಬ್ಬ ಪರದೆ ಮೇಲೆ ಬಂದ. ‘ಏನಾದರೂ ತೊಂದರೆ ಇದೆಯಾ?’ ಎಂದು ಜಡ್ಜ್ ಕೇಳಿದರು. ‘ಇಲ್ಲ ಸ್ವಾಮಿ’ ಅಂದ. ಆದರೆ ಎಡಗೈ ಮೇಜಿನ ಕೆಳಗೇ ಇತ್ತು. ‘ಎರಡೂ ಕೈ ಎತ್ತಿ ತೋರಿಸಪ್ಪ’ ಅಂದೆ. ಬಲಗೈ ಎತ್ತಿದ. ಎಡಗೈ ಎತ್ತಲಿಲ್ಲ. ಜಡ್ಜ್ ಕನ್ನಡಕ ತೆಗೆದು ಪರದೆಯ ಹತ್ತಿರಕ್ಕೆ ಬಗ್ಗಿದರು. ‘ಆರೋಪಿಯು ಎಡಗೈ ಎತ್ತಲು ಅಸಮರ್ಥನಾಗಿರುವುದು ಕಂಡುಬಂದಿದೆ’ ಎಂದು ಆರ್ಡರ್ ಶೀಟಿನಲ್ಲಿ ಬರೆಸಿದರು. ಅದೊಂದೇ ಸಾಲು. ಮುಂದೆ ನಡೆದದ್ದೆಲ್ಲ ಆ ಸಾಲಿನ ಬಲದಿಂದ. ಹುಡುಗ ಕೊನೆವರೆಗೂ ಬಾಯಿಬಿಟ್ಟು ಯಾರ ಹೆಸರನ್ನೂ ಹೇಳಿರಲಿಲ್ಲ.

ಜೈಲಿನದೇ ಒಂದು ದಾಖಲೆ ಪುಸ್ತಕವೂ ನಿಮ್ಮ ಕಡೆಗಿದೆ. ಜೈಲಿಗೆ ಸೇರಿದ ದಿನ ಪ್ರತಿ ಕೈದಿಯ ಮೈ ಪರೀಕ್ಷಿಸಿ, ಗಾಯ, ಗುರುತು ಏನಿದ್ದರೂ ದಾಖಲಿಸಬೇಕು. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯ ಕಾಲದಿಂದಲೂ ಇರುವ ನಿಯಮ ಇದು. ನಾಲ್ಕು ತಿಂಗಳ ಹಿಂದೆ ಆ ಪುಸ್ತಕದಲ್ಲಿ ನಿಮ್ಮ ಮಗನ ಕಾಲು, ಬೆರಳು ಸರಿಯಾಗಿತ್ತು ಎಂದಿದ್ದರೆ, ಇವತ್ತಿನ ಗಾಯ ಜೈಲಿನೊಳಗೇ ಆದದ್ದು. ಹೇಗಾಯಿತು ಎಂದು ಉತ್ತರ ಕೊಡಬೇಕಾದವರು ಅವರು. ಆ ಪ್ರತಿಯನ್ನೂ ಕೋರ್ಟಿಗೆ ತರಿಸಿ ಎಂದು ಮೆಮೊದಲ್ಲಿ ಸೇರಿಸಿ.

ಈಗ ಭಯದ ಮಾತು. ದೂರು ಕೊಟ್ಟರೆ ಜಾಸ್ತಿ ಹೊಡೆಯಲ್ಲ ಎಂದು ನಾನು ಬರೆದುಕೊಟ್ಟರೆ ಸುಳ್ಳಾಗುತ್ತದೆ. ಆದರೆ ನೋಡಿರುವುದನ್ನು ಹೇಳುತ್ತೇನೆ. ಭೇಟಿಯ ಜಾಗದಲ್ಲಿ ನಿಂತು ಕೂಗಾಡಿ ಬಂದ ಮನೆಯವರ ಹುಡುಗರಿಗೆ ಆ ರಾತ್ರಿ ಕಷ್ಟವಾಗಿದೆ. ಕೋರ್ಟು ಒಮ್ಮೆ ಪರೀಕ್ಷೆಗೆ ಕಳಿಸಿದ ಹುಡುಗನ ಮೇಲೆ ಮತ್ತೆ ಕೈ ಎತ್ತಲು ಹಿಂಜರಿಯುತ್ತಾರೆ, ಯಾಕೆಂದರೆ ಮುಂದಿನ ವಾಯಿದೆಗೆ ಅವನ ಮೈಯನ್ನು ಮತ್ತೆ ನೋಡುವವರಿದ್ದಾರೆ. ಬೇರೆ ಬ್ಯಾರಕ್ಕಿಗೆ, ಅಗತ್ಯವಾದರೆ ಬೇರೆ ಜೈಲಿಗೆ ಹಾಕಿಸಿ ಎಂದೂ ಕೇಳಬಹುದು. ಬೇರೆ ಜೈಲು ದೂರವಾದರೆ ನಿಮಗೇ ಓಡಾಟ, ಅದನ್ನು ಯೋಚಿಸಿ ಕೇಳಿ.

ದುಡ್ಡಿನ ವಿಷಯದಲ್ಲಿ ಒಂದು ಮುಳ್ಳಿದೆ, ಮುಚ್ಚಿಡುವುದಿಲ್ಲ. 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ತಿಳಿಸಿದರೆ ರಕ್ಷಣೆ ಉಂಟು. ನಿಮ್ಮ ಎರಡು ಕಂತು ಆ ಗಡುವು ದಾಟಿವೆ. ಹೆದರಬೇಡಿ, ಹೊಡೆಯುತ್ತೇವೆಂದು ಹೆದರಿಸಿ ಕಿತ್ತುಕೊಂಡದ್ದು ಸುಲಿಗೆ, ಲಂಚವಲ್ಲ ಎಂದು ವಾದಿಸಲು ಜಾಗವಿದೆ. ಆದರೆ ಇದನ್ನು ವಕೀಲರ ಹತ್ತಿರ ಮೊದಲೇ ಹೇಳಿ. ಫೋನಿನಲ್ಲಿರುವ ಆ ಎರಡು ಪಾವತಿಯ ಸ್ಕ್ರೀನ್‌ಶಾಟ್, ಕರೆ ಬಂದ ದಿನ, ಹೊತ್ತು ಎಲ್ಲ ತೆಗೆದಿಡಿ. ಮತ್ತೆ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. ಮೊದಲೇ ತಿಳಿಸಿ ಅವರ ಜೊತೆ ಕೆಲಸ ಮಾಡುವವರನ್ನು ಕಾನೂನು ಲಂಚ ಕೊಟ್ಟವರೆಂದು ನೋಡುವುದಿಲ್ಲ.

ವಕೀಲರಿಗೆ ಕೊಡಲು ಇನ್ನು ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರನ್ನು ಪುಕ್ಕಟೆ ಕೊಡಬೇಕು, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲೇ ಹಾಗಿದೆ. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಿರಿ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೆ ಸಾಕು, ಶುಲ್ಕವಿಲ್ಲ. ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು. ‘ಜೈಲಿನವರು ಹಿಂಸೆ ಕೊಡುತ್ತಾರೆ’ ಎಂದು ಬರೆಯಬೇಡಿ. ಇಂಥ ದಿನ, ಸುಮಾರು ಇಷ್ಟು ಹೊತ್ತಿಗೆ, ಇಂಥ ಬ್ಯಾರಕ್ಕಿನಲ್ಲಿ, ಆ ದಿನ ಡ್ಯೂಟಿಯಲ್ಲಿದ್ದವರು ಎಂದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ, ಡ್ಯೂಟಿ ಪಟ್ಟಿ ಅವರ ಹತ್ತಿರವೇ ಇದೆ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಇನ್ನೊಂದು ಹೇಳಿ ಮುಗಿಸುತ್ತೇನೆ. 1979ರಲ್ಲಿ ತಿಹಾರ್ ಜೈಲಿನಲ್ಲಿ ಹೆಡ್ ವಾರ್ಡರ್ ಒಬ್ಬ ಕೈದಿಯೊಬ್ಬನನ್ನು ಭೀಕರವಾಗಿ ಹಿಂಸಿಸಿದನೆಂಬ ಆರೋಪ ಬಂತು. ಕಾರಣ, ಭೇಟಿಗೆ ಬರುವ ಮನೆಯವರಿಂದ ದುಡ್ಡು ಕೀಳುವುದು. ಬಿದ್ದು ಆದ ಗಾಯ, ತಾನೇ ಮಾಡಿಕೊಂಡದ್ದು, ಮೂಲವ್ಯಾಧಿ ಎಂದೆಲ್ಲ ಕಥೆ ಕಟ್ಟಿದರು. ಪೆಟ್ಟು ತಿಂದವನು ದೂರು ಬರೆಯಲಿಲ್ಲ. ಅದೇ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯೊಬ್ಬರಿಗೆ ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು, ವಕೀಲರನ್ನು ಜೈಲಿಗೆ ಕಳಿಸಿ ನೋಡಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪು ಇವತ್ತಿಗೂ ನಮ್ಮ ಕೈಯಲ್ಲಿರುವ ಗಟ್ಟಿ ಆಧಾರ. ಹಾಗಾಗಿ ಮಗ ಹೆದರಿ ಬರೆಯದಿದ್ದರೆ ನೀವು ಬರೆಯಬಹುದು. ಅವನ ಪಕ್ಕದಲ್ಲಿ ಮಲಗುವವನೂ ಬರೆಯಬಹುದು.

ಪ್ರಶ್ನೆ: ಕಳ್ಳರು, ಕೊಲೆಗಾರರ ಹಕ್ಕಿನ ಬಗ್ಗೆ ಪುಟಗಟ್ಟಲೆ ಬರೆಯುತ್ತೀರಿ. ಅವರಿಂದ ನೊಂದವರಿಗೆ ಹಕ್ಕಿಲ್ಲವೇ? ಎರಡು ಏಟು ಬಿದ್ದರೆ ತಪ್ಪೇನು?

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಮ್ಮ ಮನೆಗೂ ಕಳ್ಳರು ನುಗ್ಗಿದ್ದಾರೆ, ಅಮ್ಮನ ಸರ ಇವತ್ತಿಗೂ ಸಿಕ್ಕಿಲ್ಲ. ಆದರೂ ಒಂದು ಲೆಕ್ಕ ನೋಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರನ್ನು ಯಾವ ಕೋರ್ಟೂ ಇನ್ನೂ ಕಳ್ಳ ಅಂದಿಲ್ಲ, ಕೊಲೆಗಾರ ಅಂದಿಲ್ಲ. ಅವರಲ್ಲಿ ಯಾರಿಗೆ ಎರಡು ಏಟು ಕೊಡೋಣ?

ಇನ್ನು ಶಿಕ್ಷೆ ಆದವರು. ಜಡ್ಜ್ ಮೂರು ವರ್ಷ ಎಂದು ಬರೆದರೆ ಮೂರು ವರ್ಷ, ಜೊತೆಗೆ ಲಾಠಿ ಎಂದು ಬರೆದಿರುವುದಿಲ್ಲ. ಅದನ್ನು ಸೇರಿಸುವ ಅಧಿಕಾರ ವಾರ್ಡರಿಗೆ ಯಾರು ಕೊಟ್ಟರು? ಬಿಹಾರದ ರುದುಲ್ ಸಾಹ್ ಅವರ ಕೇಸು ಓದಿ. 1968ರಲ್ಲೇ ಖುಲಾಸೆಯಾಗಿದ್ದ ಮನುಷ್ಯ ಹೊರಗೆ ಬಂದದ್ದು 1982ರಲ್ಲಿ. ಹದಿನಾಲ್ಕು ವರ್ಷ! ಸುಪ್ರೀಂ ಕೋರ್ಟು 1983ರಲ್ಲಿ ಪರಿಹಾರ ಕೊಡಿಸಿತು, ಆಗಲೇ ಕೊಟ್ಟಿದ್ದ 5,000 ರೂಪಾಯಿಯ ಮೇಲೆ ಇನ್ನೂ 30,000. ನೊಂದವರ ಹಕ್ಕಿನ ಬಗ್ಗೆ ಕೇಳಿದ್ದೀರಿ, ಖಂಡಿತ ಬರೆಯೋಣ. ಆದರೆ ಜೈಲಿನೊಳಗೆ ಹುಡುಗನಿಗೆ ಬಿದ್ದ ಏಟಿನಿಂದ ಹೊರಗಿರುವ ನೊಂದವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ದುಡ್ಡು ಹೋಗುವುದು ಆ ಫೋನ್ ನಂಬರಿಗೆ.

ಪ್ರಶ್ನೆ: ನನ್ನ ಗಂಡ ಜೈಲಿನಲ್ಲಿ ವಾರ್ಡರ್. ಅವರು ಹೊಡೆದರು ಎಂದು ಕೈದಿಯೊಬ್ಬ ಸುಳ್ಳು ದೂರು ಕೊಟ್ಟಿದ್ದರಿಂದ ಸಸ್ಪೆಂಡ್ ಆಗಿದ್ದಾರೆ. ಸೆಲ್ಲಿನಲ್ಲಿ ಮೊಬೈಲ್ ಹಿಡಿದಿದ್ದಕ್ಕೆ ಹೀಗೆ ಮಾಡಿದ ಅಂತಾರೆ. ನಮ್ಮ ಕಡೆ ಕೇಳುವವರೇ ಇಲ್ಲವಾ ಮೇಡಂ?

ಉತ್ತರ: ಇದ್ದೇವೆ ತಂಗಿ. ಸುಳ್ಳು ದೂರುಗಳೂ ಬರುತ್ತವೆ, ಅದರಲ್ಲೂ ಮೊಬೈಲ್, ಗಾಂಜಾ ಹಿಡಿದ ಮರುದಿನವೇ ಬರುತ್ತವೆ. ಒಬ್ಬನೇ ವಾರ್ಡರ್ ಇಡೀ ಬ್ಯಾರಕ್ ನೋಡಿಕೊಂಡು, ರಜೆ ಸಿಗದೆ ಡಬಲ್ ಡ್ಯೂಟಿ ಮಾಡುವುದನ್ನೂ ನೋಡಿದ್ದೇನೆ.

ಸಸ್ಪೆನ್ಷನ್ ಅಂದರೆ ತಪ್ಪು ಸಾಬೀತಾಯಿತು ಎಂದಲ್ಲ. ಆ ಅವಧಿಗೆ ಜೀವನಾಧಾರ ಭತ್ಯೆ ಬರಬೇಕು, ಬರದಿದ್ದರೆ ಇವತ್ತೇ ಅರ್ಜಿ ಹಾಕಿ. ಇಲಾಖಾ ವಿಚಾರಣೆಯಲ್ಲಿ ದೋಷಾರೋಪ ಪಟ್ಟಿ ಕೊಡಬೇಕು, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಬಿಡಬೇಕು. ನಿಮ್ಮ ಗಂಡನಿಗೂ ಮೇಲಿನ ಅಮ್ಮನಿಗೆ ಹೇಳಿದ್ದನ್ನೇ ಹೇಳುತ್ತೇನೆ. ಮೊಬೈಲ್ ಹಿಡಿದ ಹೊತ್ತಿನಲ್ಲೇ ರಿಪೋರ್ಟ್ ಬರೆದಿದ್ದರಾ? ಆ ಪ್ರತಿ ಎಲ್ಲಿದೆ? ಆ ಹೊತ್ತಿನ ಸಿಸಿಟಿವಿ ಉಳಿಸಿ ಎಂದು ಅವರೇ ಲಿಖಿತವಾಗಿ ಕೇಳಲಿ. ಹೊಡೆದಿಲ್ಲ ಅನ್ನುವವರು ಅದನ್ನು ಮೊದಲು ಕೇಳಬೇಕು, ಅಲ್ವಾ? ಮತ್ತೆ, ಯಾರೇ ಹೇಳಿದರೂ ಆ ಕೈದಿಯ ಮನೆಗೆ ರಾಜಿಗೆ ಅಂತ ಹೋಗಬೇಡಿ. ನೀವು ಒಳ್ಳೆಯ ಮನಸ್ಸಿನಿಂದ ಹೋದರೂ ಸಾಕ್ಷಿಯನ್ನು ಹೆದರಿಸಿದರು ಎಂದಾಗುತ್ತದೆ.

ಪ್ರಶ್ನೆ: ತಮ್ಮನನ್ನು ನೋಡಲು ನಾವು ವಕೀಲರನ್ನು ಕಳಿಸಿದರೆ ಪಕ್ಕದಲ್ಲೇ ಸಿಬ್ಬಂದಿ ನಿಂತು ಕೇಳಿಸಿಕೊಳ್ಳುತ್ತಾರಂತೆ. ದೂರು ಪೆಟ್ಟಿಗೆ ಇದೆ ಅಂತಾರೆ, ಯಾರೂ ಹಾಕಲ್ಲವಂತೆ.

ಉತ್ತರ: ವಕೀಲರ ಜೊತೆಗಿನ ಮಾತು ಸಿಬ್ಬಂದಿಯ ಕಣ್ಣಿಗೆ ಕಾಣಬಹುದು, ಕಿವಿಗೆ ಬೀಳಬಾರದು. ಪಕ್ಕದಲ್ಲಿ ನಿಂತರೆ ವಕೀಲರೇ ‘ಸ್ವಲ್ಪ ದೂರ ನಿಲ್ಲಿ’ ಅನ್ನಬೇಕು. ಹೋಗದಿದ್ದರೆ ಆ ದಿನವೇ ಕೋರ್ಟಿಗೆ ಮೆಮೊ. ಸಂಕೋಚ ಮಾಡಿಕೊಂಡು ಸುಮ್ನೆ ಬರುವ ವಕೀಲರೇ ಜಾಸ್ತಿ, ನಾನೂ ಮೊದಮೊದಲು ಹಾಗೇ ಬಂದಿದ್ದೆ.

ಪೆಟ್ಟಿಗೆಯ ಕಥೆ ಬೇರೆ. ಮೇಲೆ ಹೇಳಿದ 1979ರ ತೀರ್ಪಿನಲ್ಲೇ ಆ ಪೆಟ್ಟಿಗೆಯ ಮಾತೂ ಇದೆ. ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ಜಡ್ಜ್ ಆದೇಶದಂತೆ ದೂರು ಪೆಟ್ಟಿಗೆ ಇಡಬೇಕು, ಎಲ್ಲ ಕೈದಿಗಳ ಕೈಗೂ ಎಟುಕಬೇಕು ಎಂದು. ನಾನು ಹೋಗುತ್ತಿದ್ದ ಒಂದು ಜೈಲಿನಲ್ಲಿ ಪೆಟ್ಟಿಗೆ ಎಲ್ಲಿ ಅಂದರೆ ಆಫೀಸಿನ ಬಾಗಿಲ ಪಕ್ಕಕ್ಕೆ ಕೈ ತೋರಿಸಿದರು. ಜೈಲರ್ ಕೂರುವ ಕುರ್ಚಿಯಿಂದ ಎಂಟು ಹೆಜ್ಜೆ. ಬೀಗದ ಕೈ ಅವರ ಡ್ರಾಯರಿನಲ್ಲೇ. ತೆಗೆಸಿ ನೋಡಿದೆ, ಒಳಗೆ ಒಂದು ಬೀಡಿ ಕಟ್ಟಿನ ಕಾಗದ, ಸಿಹಿ ತಿಂಡಿಯ ರ‍್ಯಾಪರ್ ಮತ್ತು ಧೂಳು.

ಜಿಲ್ಲಾ ಜಡ್ಜ್ ಅವರಿಗೆ ಅರ್ಧ ಪುಟ ಬರೆದೆ. ಎರಡು ತಿಂಗಳ ಮೇಲೆ ಪೆಟ್ಟಿಗೆಯನ್ನು ಕೈದಿಗಳು ನೀರು ಹಿಡಿಯುವ ನಲ್ಲಿಯ ಹತ್ತಿರ ಹಾಕಿದರು, ಕೀಲಿ ಕೋರ್ಟಿಗೆ ಹೋಯಿತು. ಮೊದಲ ಸಲ ತೆಗೆದಾಗ ಒಂಬತ್ತು ಚೀಟಿ ಇದ್ದವು. ಆರು ಜಾಮೀನಿಗೆ ಸಂಬಂಧಪಟ್ಟವು, ಎರಡು ಹಲ್ಲುನೋವಿನವು. ಒಂಬತ್ತನೆಯದರಲ್ಲಿ ಬರೀ ಒಂದು ಬ್ಯಾರಕ್ ನಂಬರ್ ಮತ್ತು ‘ರಾತ್ರಿ ಬನ್ನಿ’ ಎಂದಿತ್ತು. ನಿಮ್ಮ ತಮ್ಮನ ಜೈಲಿನ ಪೆಟ್ಟಿಗೆ ಎಲ್ಲಿದೆ, ಕೀಲಿ ಯಾರ ಹತ್ತಿರ ಇದೆ ಎಂದು ವಿಚಾರಿಸಿ ನನಗೆ ಬರೆಯಿರಿ. ಅರ್ಜಿಯ ಕರಡು ನಾನು ಕಳಿಸುತ್ತೇನೆ.