ಅಳತೆ ಕೊಟ್ಟು ಸಾಫ್ಟ್‌ಶೆಲ್ ಚಾರಣ ಪ್ಯಾಂಟ್ ಹೊಲಿಸಬಹುದೇ?

ಹೊಲಿಸಬಹುದು, ಧೈರ್ಯವಾಗಿ ಹೊಲಿಸಿ. ನೀವು ಬೀದರ್‌ನವರು, ಡಿಸೆಂಬರ್ ಕೊನೆಗೆ ಹಿಮಾಲಯದ ಕೇದಾರಕಂಠ ಚಾರಣಕ್ಕೆ ಹೊರಟಿದ್ದೀರಿ. ಅಂಗಡಿಯ ಪ್ಯಾಂಟ್ ಸೊಂಟಕ್ಕೆ ಸರಿಹೋದರೆ ತೊಡೆಗೆ ಬಿಗಿ, ತೊಡೆಗೆ ಸರಿಹೋದರೆ ಸೊಂಟದಲ್ಲಿ ಸಡಿಲ ಎಂದು ಬರೆದಿದ್ದೀರಿ. ಸಾಫ್ಟ್‌ಶೆಲ್ ಬಟ್ಟೆ ತಂದು ಊರಿನ ಟೈಲರ್ ಕೈಯಲ್ಲಿ ಹೊಲಿಸಿದರೆ ಆಗುತ್ತದೆಯೇ, ಅದೇ ಪ್ಯಾಂಟ್ ಚಿಂಚೋಳಿ ಕಾಡಿಗೂ ಯಾದಗಿರಿ ಕೋಟೆಗೂ ನಡೆಯುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಕಲಬುರಗಿಯಲ್ಲಿ ಪ್ಯಾಂಟ್ ಕಟಿಂಗ್ ಮಾಡುವವನು, ಬಿಡುವು ಸಿಕ್ಕಾಗ ಬೆಟ್ಟ ಹತ್ತುವವನು. ಈ ಎರಡೂ ಕಡೆಯಿಂದ ಹೇಳುತ್ತೇನೆ.

ಸಾಫ್ಟ್‌ಶೆಲ್ ಎಂದರೆ ಒತ್ತಾಗಿ ನೇಯ್ದ, ಹಿಗ್ಗುವ ಬಟ್ಟೆ. ಹೆಚ್ಚಾಗಿ ನೈಲಾನ್ ಇಲ್ಲವೇ ಪಾಲಿಯೆಸ್ಟರ್, ಜೊತೆಗೆ ರಬ್ಬರಿನಂತೆ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಸ್ವಲ್ಪ. ಹೊರಮೈ ಮೇಲೆ ನೀರನ್ನು ಜಾರಿಸುವ ಲೇಪನ ಇರುತ್ತದೆ. ಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ತುಂತುರು ಹನಿಯೂ ಒಣ ಹಿಮವೂ ಬಿದ್ದರೆ ಕೊಡವಿದರೆ ಹೋಗುತ್ತದೆ, ಬೆವರಿನ ಆವಿ ಹೊರಗೆ ಹೋಗುತ್ತದೆ. ಜೋರು ಮಳೆಗೆ ಮಾತ್ರ ತಡೆಯುವುದಿಲ್ಲ. ಅದಕ್ಕೆ ಮೇಲಿನಿಂದ ಹಾಕಿಕೊಳ್ಳುವ ತೆಳು ರೇನ್ ಪ್ಯಾಂಟ್ ಬ್ಯಾಗಿನಲ್ಲಿ ಬೇರೆಯೇ ಇರಲಿ.

ಈ ಬಟ್ಟೆಯಲ್ಲಿ ಎರಡು ಜಾತಿ ಇದೆ. ಒಂದರಲ್ಲಿ ಎರಡು ಪದರಗಳ ನಡುವೆ ತೆಳುವಾದ ಪೊರೆ ಅಂಟಿಸಿರುತ್ತಾರೆ, ಇನ್ನೊಂದರಲ್ಲಿ ಪೊರೆ ಇರುವುದಿಲ್ಲ. ಅಂಗಡಿಯವರು ಪೊರೆಯದ್ದನ್ನೇ ಹೊಗಳುತ್ತಾರೆ, ದರವೂ ಅದಕ್ಕೇ ಹೆಚ್ಚು. ಅಳತೆ ಕೊಟ್ಟು ಹೊಲಿಸುವವರು ಅದನ್ನು ಕೊಳ್ಳಲೇಬಾರದು ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಸೂಜಿ ಇಳಿದ ಪ್ರತಿ ಕಡೆಯೂ ಆ ಪೊರೆಯಲ್ಲಿ ತೂತು ಬೀಳುತ್ತದೆ. ಕಾರ್ಖಾನೆಯಲ್ಲಿ ಬಿಸಿಗಾಳಿಯ ಯಂತ್ರದಿಂದ ಹೊಲಿಗೆಯ ಮೇಲೆ ಟೇಪ್ ಅಂಟಿಸಿ ಆ ತೂತು ಮುಚ್ಚುತ್ತಾರೆ. ನಮ್ಮಂಥವರ ಅಂಗಡಿಯಲ್ಲಿ ಆ ಯಂತ್ರ ಇಲ್ಲ. ನೀರು ಹೊಲಿಗೆಯಲ್ಲಿ ಒಳಗೆ ಬರುತ್ತದೆ, ಬೆವರು ಹೊರಗೆ ಹೋಗಲು ತಿಣುಕಾಡುತ್ತದೆ. ಕೊಟ್ಟ ಹಣಕ್ಕೆ ಎರಡು ಕಡೆಯಿಂದಲೂ ನಷ್ಟ.

ಪೊರೆ ಇದೆಯೋ ಇಲ್ಲವೋ ತಿಳಿಯಲು ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಆಚೆ ಬದಿಯ ಅಂಗೈಗೆ ಸ್ವಲ್ಪವಾದರೂ ಗಾಳಿ ತಾಗಿದರೆ ಪೊರೆ ಇಲ್ಲ. ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ, ಕೆಸುವಿನೆಲೆಯ ಮೇಲಿನಂತೆ ಉಂಡೆಯಾಗಿ ಉರುಳಬೇಕು. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಎಳೆದು ಬಿಡಿ. ಎರಡೂ ಕಡೆ ಹಿಗ್ಗಬೇಕು, ಬಿಟ್ಟ ತಕ್ಷಣ ಮೊದಲಿನ ಅಳತೆಗೆ ಮರಳಬೇಕು. ಜೋತುಬಿದ್ದರೆ ಆ ಬಟ್ಟೆಯ ಮೊಣಕಾಲು ಎರಡೇ ದಿನಕ್ಕೆ ಚೀಲವಾಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಸಿಗದಿದ್ದರೆ ಹೈದರಾಬಾದ್‌ನಲ್ಲಿ ಹುಡುಕಿ, ಆನ್‌ಲೈನ್‌ನಲ್ಲಾದರೆ ಮೊದಲು ಚಿಕ್ಕ ತುಂಡು ತರಿಸಿ ಪರೀಕ್ಷೆ ಮಾಡಿ. 58 ಇಂಚು ಪನ್ನದ ಬಟ್ಟೆ ಒಂದೂವರೆ ಮೀಟರ್ ಇದ್ದರೆ ಜೇಬು, ಮಿಯಾನಿ (ತೊಡೆಸಂದಿಗೆ ಕೂರಿಸುವ ತುಂಡು) ಎಲ್ಲಕ್ಕೂ ಸಾಕು.

ಒಳಗೆ ಫ್ಲೀಸ್, ಅಂದರೆ ಉಣ್ಣೆಯಂಥ ಮೆತ್ತನೆಯ ಪದರ, ಇರುವ ದಪ್ಪ ಬಟ್ಟೆ ಬೇಕೋ ಎಂದರೆ, ಬೇಡ. ಕೇದಾರಕಂಠ ಸುಮಾರು 12,500 ಅಡಿ. ಚಳಿಗಾಲದ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ, ತುದಿಗೆ ಹತ್ತಲು ಕತ್ತಲಿನಲ್ಲೇ ಹೊರಡುತ್ತಾರೆ, ಇದೆಲ್ಲ ನಿಜ. ಆದರೆ ಹತ್ತುವಾಗ ಕಾಲು ಬೆವರುತ್ತದೆ. ಫ್ಲೀಸ್ ಇಲ್ಲದ ಪ್ಯಾಂಟಿನ ಒಳಗೆ ಥರ್ಮಲ್ (ಬೆಚ್ಚನೆಯ ಒಳಉಡುಪು) ಹಾಕಿಕೊಂಡರೆ ಚಳಿಯೂ ತಡೆಯುತ್ತದೆ, ಬಿಸಿಲೇರಿದ ಮೇಲೆ ಥರ್ಮಲ್ ತೆಗೆದಿಟ್ಟು ನಡೆಯಲೂ ಆಗುತ್ತದೆ. ಫ್ಲೀಸ್ ಪ್ಯಾಂಟಿನ ಒಳಪದರ ಕಿತ್ತಿಡಲು ಬರುವುದಿಲ್ಲ. ಊರಿಗೆ ಬಂದ ಮೇಲೆ ಅದು ಬೀರುವಿನಲ್ಲೇ ಉಳಿಯುತ್ತದೆ, ಏಕೆಂದರೆ ಡಿಸೆಂಬರ್‌ನಲ್ಲೂ ನಮ್ಮ ಕಡೆ ಮಧ್ಯಾಹ್ನದ ಬಿಸಿಲಿಗೆ ಅದನ್ನು ಹಾಕಿ ಬೆಟ್ಟ ಹತ್ತುವುದು ಅಸಾಧ್ಯ.

ಈಗ ಹೊಲಿಗೆಯ ಮಾತು. ನನ್ನ ಮಟ್ಟಿಗೆ ಇದೇ ಮುಖ್ಯ, ಬಟ್ಟೆಯ ಕಂಪನಿ ಆಮೇಲೆ.

ಮಾಮೂಲಿ ಪ್ಯಾಂಟಿನಲ್ಲಿ ಎರಡು ಕಾಲಿನ ಒಳಹೊಲಿಗೆ, ಮುಂದಿನ ಮತ್ತು ಹಿಂದಿನ ಸೀಟಿನ ಹೊಲಿಗೆ, ನಾಲ್ಕೂ ತೊಡೆಸಂದಿನ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಎತ್ತರದ ಕಲ್ಲಿಗೆ ಕಾಲೆತ್ತಿ ಇಟ್ಟಾಗ ಇಡೀ ಎಳೆತ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ, ಹರಿಯುವುದೂ ಅಲ್ಲೇ. ಪೈಜಾಮಕ್ಕೆ ಮಿಯಾನಿ ಇಡುವುದು ಇದೇ ಕಾರಣಕ್ಕೆ. ಚಾರಣದ ಪ್ಯಾಂಟಿಗೂ ಅದನ್ನೇ ಇಡಿಸಿ. ಸುಮಾರು ನಾಲ್ಕು ಇಂಚು ಅಗಲ, ಎಂಟು ಇಂಚು ಉದ್ದದ, ಎರಡೂ ತುದಿ ಚೂಪಾದ ತುಂಡನ್ನು ಕತ್ತರಿಸಿ ತೊಡೆಸಂದಿಗೆ ಕೂರಿಸಬೇಕು. ಉದ್ದನೆಯ ತುದಿಗಳು ಎರಡು ಕಾಲುಗಳ ಒಳಹೊಲಿಗೆಯ ಕಡೆಗೆ ಇಳಿಯಬೇಕು. ಆಗ ನಾಲ್ಕು ಹೊಲಿಗೆ ಒಂದೆಡೆ ಕೂಡುವುದಿಲ್ಲ, ಕಾಲು ಎಷ್ಟು ಎತ್ತಿದರೂ ಬಟ್ಟೆ ಜೊತೆಗೆ ಬರುತ್ತದೆ. ಶೇರವಾನಿ, ಪಠಾಣಿ ಹೊಲಿಯುವ ಹಳೆಯ ಟೈಲರ್‌ಗಳಿಗೆ ಈ ಕೆಲಸ ಕೈಗೆ ಹತ್ತಿದೆ. ಬೀದರ್‌ನಲ್ಲಿ ಅಂಥವರಿಗೆ ಕೊರತೆಯಿಲ್ಲ, ಜೀನ್ಸ್ ಆಲ್ಟರ್ ಮಾಡುವ ಅಂಗಡಿಗಿಂತ ಅವರ ಬಳಿ ಹೋಗಿ.

ಮೊಣಕಾಲಿನದ್ದು ಇನ್ನೊಂದು ಗುಟ್ಟು. ಮೊಣಕಾಲಿನ ಬಳಿ ಮುಂದಿನ ತುಂಡು ಹಿಂದಿನದಕ್ಕಿಂತ ಒಂದು ಇಂಚು ಉದ್ದ ಇರಬೇಕು. ಆ ಹೆಚ್ಚುವರಿ ಇಂಚನ್ನು ಎರಡೂ ಪಕ್ಕದಲ್ಲಿ ಚಿಕ್ಕ ಚೂಪು ಮಡಿಕೆಗಳಾಗಿ, ಅಂದರೆ ಡಾರ್ಟ್‌ಗಳಾಗಿ ಹಿಡಿದರೆ ಪ್ಯಾಂಟ್ ಮೊಣಕಾಲು ಮಡಿಸಿದ ಆಕಾರದಲ್ಲೇ ಕೂರುತ್ತದೆ. ಹ್ಯಾಂಗರ್‌ಗೆ ಹಾಕಿದಾಗ ಸೊಟ್ಟಗೆ ಕಾಣುತ್ತದೆ, ಹತ್ತುವಾಗ ಮೊಣಕಾಲಿಗೆ ಬಟ್ಟೆ ಹಿಡಿಯುವುದೇ ಇಲ್ಲ. ಸೊಂಟದ ಹಿಂಭಾಗವನ್ನೂ ಒಂದೂವರೆ ಇಂಚು ಎತ್ತರ ಕತ್ತರಿಸಲು ಹೇಳಿ, ಬಗ್ಗಿದರೆ ಬೆನ್ನು ತೆರೆಯಬಾರದು. ಪಕ್ಕದಲ್ಲಿ ಇಲಾಸ್ಟಿಕ್, ಒಳಗೆ ಚಪ್ಪಟೆ ಲಾಡಿ ಸಾಕು. ದಪ್ಪ ಬೆಲ್ಟ್ ಹಾಕಿದರೆ ಬೆನ್ನುಚೀಲದ ಸೊಂಟಪಟ್ಟಿ ಅದರ ಮೇಲೆ ಕೂತು ಚರ್ಮ ತರಚುತ್ತದೆ.

ಅಳತೆ ಕೊಡುವಾಗ ಥರ್ಮಲ್ ಹಾಕಿಕೊಂಡು, ಚಾರಣದ ಬೂಟು ತೊಟ್ಟುಕೊಂಡೇ ಹೋಗಿ. ನಿಂತಾಗ ಒಮ್ಮೆ, ಕುಕ್ಕರಗಾಲಿನಲ್ಲಿ ಕೂತಾಗ ಒಮ್ಮೆ ತೊಡೆ ಮತ್ತು ಸೀಟಿನ ಅಳತೆ ತೆಗೆಸಿ. ನೀವು ಹೇಳಿದ ತೊಡೆಯ ತೊಂದರೆ ಇಲ್ಲೇ ಬಗೆಹರಿಯುತ್ತದೆ. ಮೊದಲು ಅಗ್ಗದ ಯಾವುದಾದರೂ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿಸಿ ತೊಟ್ಟು ಮೆಟ್ಟಿಲು ಹತ್ತಿ ಇಳಿಯಿರಿ. ಆ ಬಟ್ಟೆ ಹಿಗ್ಗುವುದಿಲ್ಲ, ಅದರಲ್ಲಿ ಆರಾಮವಾದರೆ ಸಾಫ್ಟ್‌ಶೆಲ್‌ನಲ್ಲಿ ಇನ್ನೂ ಆರಾಮ.

ಟೈಲರ್ ಅವರಿಗೆ ವಿನಯದಿಂದಲೇ ಹೇಳಬೇಕಾದದ್ದೊಂದಿದೆ: ಸೂಜಿ ಬದಲಿಸಬೇಕು. ಸಾಧಾರಣ ಚೂಪು ಸೂಜಿ ಹಿಗ್ಗುವ ಬಟ್ಟೆಯಲ್ಲಿ ಹೊಲಿಗೆ ಬಿಟ್ಟುಬಿಟ್ಟು ಹೋಗುತ್ತದೆ. ತುದಿ ದುಂಡಗಿರುವ ಸ್ಟ್ರೆಚ್ ಸೂಜಿ, ಬಟ್ಟೆಯ ದಪ್ಪ ನೋಡಿ 11ರಿಂದ 14ನೇ ನಂಬರ್, ನೀವೇ ಕೊಂಡೊಯ್ದರೂ ಸರಿ. ದಾರ ಪಾಲಿಯೆಸ್ಟರ್‌ನದ್ದೇ ಆಗಿರಬೇಕು, ಹತ್ತಿ ದಾರ ಎಳೆತಕ್ಕೆ ತುಂಡಾಗುತ್ತದೆ. ಹೊಲಿಗೆ ಮೂರು ಮಿಲಿಮೀಟರ್‌ನಷ್ಟು ಉದ್ದ ಇರಲಿ, ಸೀಟಿಗೆ ಎರಡು ಸಾಲು ಹಾಕಲಿ. ಇಸ್ತ್ರಿ ಕಡಿಮೆ ಬಿಸಿಯಲ್ಲಿ, ಮೇಲೆ ಬಟ್ಟೆ ಹಾಸಿ ಮಾಡಲಿ, ಇಲ್ಲದಿದ್ದರೆ ನೈಲಾನ್ ಹೊಳಪು ಬಿದ್ದು ಕೆಡುತ್ತದೆ. ಇಷ್ಟು ಕೆಲಸಕ್ಕೆ ಸಾದಾ ಪ್ಯಾಂಟಿನ ಕೂಲಿಗೆ ಚೌಕಾಸಿ ಮಾಡಬೇಡಿ.

ಜೇಬಿಗೆಲ್ಲ ಜಿಪ್ ಇರಲಿ. ಹಿಂಜೇಬು ಬೇಡ.

ನಮ್ಮ ಕಡೆಯ ಬಳಕೆಗೆ ಬಂದರೆ, ಇದು ನವೆಂಬರ್‌ನಿಂದ ಫೆಬ್ರವರಿವರೆಗಿನ ಪ್ಯಾಂಟ್. ಚಿಂಚೋಳಿಯ ಕಾಡಿನಲ್ಲಿ ಒಣಹುಲ್ಲಿನ ಮುಳ್ಳು ಹತ್ತಿಯ ಬಟ್ಟೆಗೆ ಹೊಕ್ಕು ಕೂರುವಷ್ಟು ಇದಕ್ಕೆ ಕೂರುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳಿಗೆ ಮಾತ್ರ ಯಾವ ಬಟ್ಟೆಯೂ ಲೆಕ್ಕಕ್ಕಿಲ್ಲ, ದಾರಿ ಬಿಟ್ಟು ನುಗ್ಗಬೇಡಿ. ಯಾದಗಿರಿ ಕೋಟೆಯ ಬಂಡೆಗಳ ಮೇಲೆ ಕೂತು ಜಾರಿ ಇಳಿಯುವ ಅಭ್ಯಾಸ ಇದ್ದರೆ ಸೀಟಿಗೂ ಮೊಣಕಾಲಿಗೂ ಅದೇ ಬಟ್ಟೆಯ ಎರಡನೇ ಪದರ ಹಾಕಿಸಿ. ಗ್ರಾನೈಟ್ ಬಂಡೆ ಅರದಷ್ಟೇ ಒರಟು. ಮಾರ್ಚ್ ನಂತರದ ನಮ್ಮ ಬಿಸಿಲಿಗೆ ತೆಳುವಾದ, ಸಡಿಲವಾದ ಪ್ಯಾಂಟೇ ಬೇಕು.

ಒಗೆಯಲು ದ್ರವರೂಪದ ಸೋಪು ಬಳಸಿ, ಬಟ್ಟೆ ಮೃದುವಾಗಿಸುವ ಕಂಫರ್ಟ್‌ನಂಥದ್ದನ್ನು ಹಾಕಲೇಬೇಡಿ, ನೀರು ಜಾರಿಸುವ ಗುಣ ಅದರಿಂದ ಹಾಳಾಗುತ್ತದೆ. ಈ ಲೇಪನಗಳಿಗೆ ಮೊದಲು ಫ್ಲೋರಿನ್ ಇರುವ ರಾಸಾಯನಿಕ ಬಳಸುತ್ತಿದ್ದರು. ಅವು ಮಣ್ಣಿನಲ್ಲಿ, ನೀರಿನಲ್ಲಿ ಕೊಳೆಯದೆ ಉಳಿಯುವುದರಿಂದ ಅಮೆರಿಕದ ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಬಹುತೇಕ ಹೊಸ ಉಡುಪುಗಳಲ್ಲಿ ಅವುಗಳನ್ನು ನಿಷೇಧಿಸಿದೆ. ಒಳ್ಳೆಯದೇ ಆಯಿತು. ಅವಿಲ್ಲದ ಹೊಸ ಲೇಪನ ಬೇಗ ಸವೆಯುತ್ತದೆ. ನೀರು ಉಂಡೆಯಾಗದೆ ಬಟ್ಟೆಗೆ ಇಳಿಯತೊಡಗಿದರೆ ಒಗೆದು ಒಣಗಿಸಿ, ಲೇಪನದ ಸ್ಪ್ರೇ ಹೊಡೆದುಕೊಳ್ಳಿ.

ಕೊನೆಯದಾಗಿ ಸಮಯ. ದಸರಾ, ದೀಪಾವಳಿ, ಅದರ ಬೆನ್ನಿಗೇ ಮದುವೆಗಳು. ಆ ದಿನಗಳಲ್ಲಿ ಯಾವ ಟೈಲರ್ ಕೂಡ ಮಿಯಾನಿ, ಡಾರ್ಟ್ ಎಂದು ತಾಳ್ಮೆಯಿಂದ ಕೂರುವುದಿಲ್ಲ. ಗಣೇಶ ಹಬ್ಬ ಮುಗಿದ ಕೂಡಲೇ ಬಟ್ಟೆ ಕೊಡಿ. ಅಳತೆ ತೆಗೆಸಿದ ಮೇಲೆ ತೊಡೆ, ಸೀಟು, ಸೊಂಟದ ಲೆಕ್ಕ ಇಲ್ಲಿ ಬರೆದರೆ ಎಷ್ಟು ಸಡಿಲ ಬಿಡಬೇಕೆಂದು ಹೇಳುತ್ತೇನೆ.