ಪಿಕ್ಸೆಲ್‌ನ ಅಳತೆಯನ್ನು ಗೊತ್ತುಮಾಡುವುದು ಯಾವುದು?

ಪ್ರಶ್ನೆ: ನಮ್ಮ ಮನೆಯ 43 ಇಂಚಿನ ಟಿವಿಯಲ್ಲಿಯೂ ನನ್ನ ಹಳೆಯ 5.5 ಇಂಚಿನ ಮೊಬೈಲಿನಲ್ಲಿಯೂ ಇರುವುದು 1920 × 1080 ಪಿಕ್ಸೆಲ್‌ಗಳೇ. ಹಾಗಾದರೆ ಪಿಕ್ಸೆಲ್‌ಗೆ ಗೊತ್ತಾದ ಅಳತೆ ಇಲ್ಲವೆ? ಅಷ್ಟು ಸಣ್ಣ ಚುಕ್ಕಿಗಳನ್ನು ಒಂದೊಂದಾಗಿ ಜೋಡಿಸುವುದು ಹೇಗೆ?

ಉತ್ತರ: ಗೊತ್ತಾದ ಅಳತೆ ಇಲ್ಲ. ಹದಿನೈದು ಚುಕ್ಕಿಯ ರಂಗೋಲಿಯನ್ನು ಅಂಗಳದ ತುಂಬ ಬಿಡಿಸಬಹುದು, ಹೊಸಿಲ ಬಳಿಯ ಗೇಣಗಲ ಜಾಗದಲ್ಲಿಯೂ ಬಿಡಿಸಬಹುದು. ಬದಲಾಗುವುದು ಚುಕ್ಕಿಗಳ ನಡುವಿನ ಅಂತರ ಮಾತ್ರ. ನಿಮ್ಮ ಟಿವಿ ಪರದೆಯ ಅಗಲ ಸುಮಾರು 952 ಮಿಲಿಮೀಟರ್. ಅದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ನ ಪಾಲಿಗೆ ಅರ್ಧ ಮಿಲಿಮೀಟರ್ ಬರುತ್ತದೆ. ಮೊಬೈಲಿನಲ್ಲಿ ಇದೇ ಲೆಕ್ಕ 0.063 ಮಿಲಿಮೀಟರಿಗೆ, ಎಂದರೆ ಹೆಚ್ಚುಕಡಿಮೆ ತಲೆಗೂದಲಿನ ದಪ್ಪಕ್ಕೆ ಇಳಿಯುತ್ತದೆ.

ಈ ಅಂತರವನ್ನು ನಿರ್ಧರಿಸುವುದು ನಾವು ಪರದೆಯನ್ನು ನೋಡುವ ದೂರ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಚುಕ್ಕಿಗಳು ಸಾಮಾನ್ಯ ದೃಷ್ಟಿಯ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. 30 ಸೆಂಟಿಮೀಟರ್ ದೂರದಲ್ಲಿ ಈ ಮಿತಿ ಸುಮಾರು 0.09 ಮಿಲಿಮೀಟರ್ ಆದರೆ, 2 ಮೀಟರ್ ದೂರದಲ್ಲಿ 0.58 ಮಿಲಿಮೀಟರ್. ಆದ್ದರಿಂದ ಅಂಗಡಿಯಲ್ಲಿ ಟಿವಿಗೆ ಮೂಗು ತಾಗಿಸಿ ನೋಡಿ ಚಿತ್ರ ಒಡೆದಿದೆ ಎನ್ನುವುದು ನ್ಯಾಯವಲ್ಲ.

ಇನ್ನು ಜೋಡಣೆಯ ಮಾತು. ಈ ಪರದೆಗಳಲ್ಲಿ ಪಿಕ್ಸೆಲ್‌ಗಳನ್ನು ಜೋಡಿಸುವುದೇ ಇಲ್ಲ. ಗಾಜಿನ ಮೇಲೆ ಎಲ್ಲವನ್ನೂ ಒಟ್ಟಿಗೆ ಮೂಡಿಸುತ್ತಾರೆ. ಪ್ರತಿ ಪಿಕ್ಸೆಲ್‌ನಲ್ಲಿಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಪಿಕ್ಸೆಲ್‌ಗಳಿದ್ದು, ಎಲ್‌ಸಿಡಿ ಟಿವಿಯಲ್ಲಿ ಅವುಗಳಲ್ಲಿ ಒಂದೊಂದಕ್ಕೂ ಟ್ರಾನ್ಸಿಸ್ಟರ್ ಎಂಬ ಒಂದು ಪುಟ್ಟ ವಿದ್ಯುತ್ ಸ್ವಿಚ್ಚು ಬೇಕಾಗುವುದರಿಂದ, ನಿಮ್ಮ ಟಿವಿಯೊಂದರಲ್ಲೇ ಸುಮಾರು 62 ಲಕ್ಷ ಟ್ರಾನ್ಸಿಸ್ಟರ್‌ಗಳಿವೆ. ಒಂದು ಮಿಲಿಮೀಟರಿಗಿಂತ ತೆಳುವಾದ ಗಾಜಿನ ಹಾಳೆಗೆ ಮೊದಲು ಲೋಹದ ಪದರವನ್ನು ಕೂರಿಸಿ, ಅದರ ಮೇಲೆ ಬೆಳಕು ಬಿದ್ದಲ್ಲಿ ಗುಣ ಬದಲಿಸುವ ಫೋಟೋರೆಸಿಸ್ಟ್ ಎಂಬ ಲೇಪವನ್ನು ಹಚ್ಚಿ, ಮಾಸ್ಕ್ ಎಂಬ, ವಿನ್ಯಾಸವಿರುವ ಅಚ್ಚುಫಲಕದ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ, ಬೇಡದ ಭಾಗವನ್ನು ರಾಸಾಯನಿಕಗಳಿಂದ ಕರಗಿಸಿ ತೆಗೆಯುತ್ತಾರೆ. ಅನಂತರ ಸಿಲಿಕಾನ್, ನಿರೋಧಕ ಪದರ, ಮತ್ತೆ ಲೋಹ, ಹೀಗೆ ಇದೇ ಕ್ರಮವನ್ನು ನಾಲ್ಕೈದು ಬಾರಿಯಾದರೂ ನಡೆಸುತ್ತಾರೆ. ಪ್ರತಿ ಸಲವೂ ಹೊಸ ವಿನ್ಯಾಸ ಹಳೆಯದರ ಮೇಲೆ ಮೈಕ್ರೋಮೀಟರ್ ಲೆಕ್ಕದಲ್ಲಿ ಸರಿಯಾಗಿ ಕೂರಬೇಕು, ಕಷ್ಟವಿರುವುದು ಇಲ್ಲಿಯೇ. ಬಣ್ಣದ ಸೋಸುಪದರವಿರುವ ಇನ್ನೊಂದು ಗಾಜನ್ನು ಇದರ ಮೇಲಿಟ್ಟು, ನಡುವಿನ ಮೂರುನಾಲ್ಕು ಮೈಕ್ರೋಮೀಟರ್ ಸಂದಿನಲ್ಲಿ ದ್ರವಸ್ಫಟಿಕವನ್ನು ತುಂಬಿದರೆ ಎಲ್‌ಸಿಡಿ ಸಿದ್ಧ. 2.2 × 2.5 ಮೀಟರಿನ ಒಂದು ಹಾಳೆಯಿಂದ 55 ಇಂಚಿನ ಆರು ಪರದೆಗಳನ್ನು ಕತ್ತರಿಸುತ್ತಾರೆ.

ಮೊಬೈಲ್‌ಗಳ ಒಎಲ್‌ಇಡಿ ಪರದೆಯಲ್ಲಿ ಬೆಳಕು ಚೆಲ್ಲುವ ಸಾವಯವ ವಸ್ತುವನ್ನು ನಿರ್ವಾತದಲ್ಲಿ ಆವಿಯಾಗಿಸಿ, ಸೂಕ್ಷ್ಮ ರಂಧ್ರಗಳ ಲೋಹದ ಹಾಳೆಯ ಮೂಲಕ ಗಾಜಿನ ಮೇಲೆ ಕೂರಿಸುತ್ತಾರೆ. ನೀಲಿ ವಸ್ತು ಬೇಗ ಸವೆಯುವುದರಿಂದ ಅದರ ಚುಕ್ಕಿಯನ್ನು ಸಾಮಾನ್ಯವಾಗಿ ದೊಡ್ಡದಾಗಿ ಮಾಡುವುದುಂಟು.

ನೀವು ಊಹಿಸಿದಂತೆ ಒಂದೊಂದಾಗಿ ಕೂರಿಸಿದ ಪರದೆಯೂ ಇಲ್ಲದಿಲ್ಲ. ಅಂಗಡಿಗಳ ಮುಂದೆ ಅಕ್ಷರಗಳು ಓಡುವ ಪಿ10 ಫಲಕವನ್ನು ನೋಡಿರುತ್ತೀರಿ. ಅಲ್ಲಿ ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್ ಅಂತರವಿದ್ದು, ಫಲಕದ ಒಂದೊಂದು ಬಿಡಿ ತುಂಡಿನಲ್ಲಿ 512 ಚುಕ್ಕಿಗಳಿರುತ್ತವೆ. ಅದರಲ್ಲಿ ಒಂದು ದೀಪ ಕೆಟ್ಟರೆ ಬೆಸುಗೆ ಬಿಡಿಸಿ ಬೇರೆಯದನ್ನು ಹಾಕಬಹುದು. ನಿಮ್ಮ ಟಿವಿಯಲ್ಲಿ ಸತ್ತ ಪಿಕ್ಸೆಲ್ ಒಂದನ್ನೇ ತೆಗೆದು ಹಾಕಲು ದಾರಿಯಿಲ್ಲ. ಬದಲಿಸುವುದಾದರೆ ಇಡೀ ಪರದೆಯನ್ನೇ ಬದಲಿಸಬೇಕು.